ಕರುಳಿಗೆಷ್ಟು ಅರ್ಥ

ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಆಮೇಲೆ ಕನ್ನಡ ಶಾಲೆಗೆ ಸೇರಿದವಳು ನಾನು. ಅಲ್ಲಿ ಮೇಷ್ಟ್ರು ಒಮ್ಮೆ, 'ತಾಯಿಯ ಕರುಳು ಚುರ್ ಎಂದಿತು' ಎಂದು ಓದಿದಾಗ ನಕ್ಕುಬಿಟ್ಟಿದ್ದೆ. ನನ್ನ ಪಾಲಿಗೆ ಕರುಳೆಂದರೆ ಬಕ್ರೀದಿನ ದಿನ ಅಮ್ಮಿ ಹಿತ್ತಲಲ್ಲಿ ಕೂತು ತಿರುವಿ ತಿರುವಿ ತೊಳೆಯುತ್ತಿದ್ದ ವಸ್ತು. ಅದೇ ಅಮ್ಮಿ ನನ್ನನ್ನು 'ಕಲೇಜೇಕಾ ಟುಕ್ಡಾ' ಎಂದು ಮುದ್ದಿಸುವಾಗ, ಅದೂ ಪಿತ್ತಜನಕಾಂಗದ ತುಂಡು ಎಂಬುದು ಹೊಳೆದಿರಲಿಲ್ಲ!

ಕಥೆ ಬರೆಯತೊಡಗಿದ ಮೇಲೆ ನಿಘಂಟುಗಳ ಸಹವಾಸವಾಯಿತು. ಕಲೇಜಾ ಸಂಸ್ಕೃತದ 'ಕಾಲೇಯ'ದಿಂದ ಬಂದದ್ದು. ಪಾರ್ಸಿಯ ಜಿಗರ್ ಸಂಸ್ಕೃತದ 'ಯಕೃತ್'ಗೆ ದಾಯಾದಿ. ನಮ್ಮ ಕರುಳು ದ್ರಾವಿಡ ಪದ; ಮಲಯಾಳದಲ್ಲಿ ಅದರ ಒಡಹುಟ್ಟು 'ಕರಳ್' ಎಂದರೆ ಪಿತ್ತಜನಕಾಂಗ, ಮುದ್ದಿನ ಕರೆಯೂ ಹೌದು. ಅರಬಿಯಲ್ಲಿ 'ರಹಿಮ್' ಎಂದರೆ ಗರ್ಭ. ದಯೆ ಎಂಬರ್ಥದ ರಹಮ್, ಬಿಸ್ಮಿಲ್ಲಾದಲ್ಲಿ ಬರುವ ರಹ್ಮಾನ್, ರಹೀಮ್ ಎಲ್ಲಕ್ಕೂ ಅದೇ ಬೇರು. ರಕ್ತಸಂಬಂಧವನ್ನು ಕಾಪಾಡಿಕೊಳ್ಳುವುದಕ್ಕೆ 'ಸಿಲಾ ರಹ್ಮಿ' ಎನ್ನುತ್ತೇವೆ. ಕನ್ನಡದ ಕರುಳಬಳ್ಳಿಗೆ ಇದಕ್ಕಿಂತ ಹತ್ತಿರದ ಮಾತಿಲ್ಲ.

ಅಬ್ಬಾ ತೀರಿಕೊಂಡ ಮೇಲೆ ಮನೆಯಲ್ಲಿ ನನ್ನ ಪಾಲು ಕೇಳಿದೆ. ಭಾಯಿ ಮಾತು ಬಿಟ್ಟರು. ರಾಜಿಗೆ ಬಂದ ಹಿರಿಯರೊಬ್ಬರು, "ಒಡಹುಟ್ಟಿದವನ ಮೇಲೆ ಕರುಳಿಲ್ಲವೇನಮ್ಮಾ? ಸಿಲಾ ರಹ್ಮಿ ಮರೆತೆಯಾ?" ಎಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕುರ್‌ಆನಿನ 4ನೇ ಅಧ್ಯಾಯ 'ಅನ್ನಿಸಾ' ತೆರೆದೆ. ಗರ್ಭದ ಸಂಬಂಧಗಳ ವಿಷಯದಲ್ಲಿ ಎಚ್ಚರವಿರಲಿ ಎಂಬ ಮಾತು ಮೊದಲ ವಚನದಲ್ಲೇ ಇದೆ. 11ನೇ ವಚನದಲ್ಲಿ ಹೆಣ್ಣುಮಕ್ಕಳ ಪಾಲಿನ ಲೆಕ್ಕವಿದೆ. ಗಂಡಿನ ಅರ್ಧವೇ ಆಗಲಿ, ಅದು ಯಾರೋ ಕೊಡುವ ಭಿಕ್ಷೆಯಲ್ಲ, ಹಕ್ಕು. ನಡುವೆ ಇರುವುದು ಒಂಬತ್ತೇ ವಚನ. ಹಿರಿಯರಿಗೆ ಅಷ್ಟು ದೂರ ನಡೆಯಲು ಯಾಕೆ ಕಾಲು ಬರಲಿಲ್ಲವೋ! ಕರುಳನ್ನು ಅಕ್ಕತಂಗಿಯರ ಹೊಟ್ಟೆಯಲ್ಲಿ ಮಾತ್ರ ಹುಡುಕುವುದು ಎಂಥ ನ್ಯಾಯ?

ಕಳೆದ ಬಕ್ರೀದಿಗೆ ಅಮ್ಮಿ ಸ್ಟೀಲಿನ ಡಬ್ಬಿಯೊಂದನ್ನು ಹಿಡಿದು ಬಂದರು. ಒಳಗೆ ಹುರಿದ ಕಲೇಜಿ, ಇನ್ನೂ ಬಿಸಿಯಿತ್ತು. "ನಿನ್ನ ಭಾಯಿಯೇ ಕೊಟ್ಟ," ಎಂದರು.

ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಖೀರು ತುಂಬಿ ಕಳಿಸಿದೆ. ಪಾಲು ಇನ್ನೂ ಬಂದಿಲ್ಲ. ಕೇಳುವುದನ್ನು ನಾನೂ ಬಿಟ್ಟಿಲ್ಲ.