ತಾಲೀಮಿನ ಮಾಸ್ತರ ಜಾರ್ಜ್ ಕ್ಯೂಕರ್

ಸಿನಿಮಾ ನೋಡಿ ಬಂದವರನ್ನು ‘ಯಾರ ಚಿತ್ರ?’ ಎಂದು ಕೇಳಿದರೆ ನಟನ ಹೆಸರನ್ನೋ ನಟಿಯ ಹೆಸರನ್ನೋ ಹೇಳುತ್ತಾರೆ. ದಿಗ್ದರ್ಶಕನ ಹೆಸರು ಹೇಳುವವರು ನೂರಕ್ಕೊಬ್ಬರು. ಶಾಲೆಯ ಸ್ನೇಹ ಸಮ್ಮೇಳನಕ್ಕೆ ಹಲವು ವರ್ಷಗಳಿಂದ ಮಕ್ಕಳ ನಾಟಕ ಆಡಿಸುತ್ತ ಬಂದ ನಮಗೆ ಇದು ಸಹಜವೆನಿಸುತ್ತದೆ. ಪರದೆ ಸರಿದ ಮೇಲೆ ಚಪ್ಪಾಳೆ ಪಾತ್ರಧಾರಿಗಳದು, ತಾಲೀಮು ಕೊಟ್ಟವನು ಪರದೆಯ ಹಿಂದೆಯೇ ಇರತಕ್ಕದ್ದು. ಅಂಥ ಪರದೆಯ ಹಿಂದಿನ ಒಬ್ಬ ಮಹನೀಯನ ಪರಿಚಯವನ್ನು ವಿದ್ಯಾರ್ಥಿ ಮಿತ್ರರಿಗೂ ಪಾಲಕರಿಗೂ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಆತನ ಹೆಸರು ಜಾರ್ಜ್ ಕ್ಯೂಕರ್. ಹುಟ್ಟಿದ್ದು 1899ರ ಜುಲೈ 7ರಂದು, ನ್ಯೂಯಾರ್ಕಿನಲ್ಲಿ. ಹಂಗೇರಿಯಿಂದ ವಲಸೆ ಬಂದ ಯೆಹೂದಿ ಮನೆತನ. ತರುಣನಾಗಿದ್ದಾಗ ಆತ ದುಡಿದದ್ದು ನಾಟಕ ರಂಗದಲ್ಲಿ. ಮೂಕಚಿತ್ರಗಳ ಕಾಲ ಮುಗಿದು ಸಿನಿಮಾ ಮಾತಾಡತೊಡಗಿದಾಗ, ಮಾತು ಆಡಿಸಲು ಬಲ್ಲವರು ಹಾಲಿವುಡ್‌ಗೆ ಬೇಕಾದರು. ಹಾಗೆ ಕರೆಸಿಕೊಂಡವರಲ್ಲಿ ಕ್ಯೂಕರ್ ಒಬ್ಬ. ಮುಂದೆ ಐವತ್ತು ವರ್ಷ ಆತ ಚಿತ್ರಗಳನ್ನು ತೆಗೆದ. ಗ್ರೇಟಾ ಗಾರ್ಬೋ, ಇಂಗ್ರಿಡ್ ಬರ್ಗ್‌ಮನ್, ಜೂಡಿ ಗಾರ್ಲಂಡ್, ಆಡ್ರಿ ಹೆಪ್‌ಬರ್ನ್ ಮೊದಲಾದ ನಟಿಯರು ಆತನ ಕೈಯಲ್ಲಿ ಬೆಳಗಿದರು. 1939ರ ‘ದಿ ವಿಮೆನ್’ ಚಿತ್ರದಲ್ಲಂತೂ ನೂರಮೂವತ್ತಕ್ಕೂ ಹೆಚ್ಚು ಪಾತ್ರಗಳು, ಒಂದಾದರೂ ಗಂಡು ಪಾತ್ರವಿಲ್ಲ!

ಆದ್ದರಿಂದಲೇ ‘ಹೆಂಗಸರ ದಿಗ್ದರ್ಶಕ’ ಎಂಬ ಹಣೆಪಟ್ಟಿ ಆತನಿಗೆ ಅಂಟಿತು. ಅದು ಆತನಿಗೆ ಹಿಡಿಸುತ್ತಿರಲಿಲ್ಲ. ಜೇಮ್ಸ್ ಸ್ಟೂವರ್ಟ್, ರೊನಾಲ್ಡ್ ಕೋಲ್ಮನ್, ರೆಕ್ಸ್ ಹ್ಯಾರಿಸನ್ ಈ ಮೂವರು ಗಂಡಸರೂ ಆತನ ಚಿತ್ರಗಳಲ್ಲಿಯೇ ಆಸ್ಕರ್ ಪಡೆದರೆಂಬುದನ್ನು ಮರೆಯಬಾರದು.

ಕ್ಯಾಥರಿನ್ ಹೆಪ್‌ಬರ್ನ್ ಎಂಬ ನಟಿ 1932ರಲ್ಲಿ ಮೊದಲ ಬಾರಿ ತೆರೆಯ ಮೇಲೆ ಬಂದದ್ದು ಕ್ಯೂಕರನ ಚಿತ್ರದಿಂದ. 1938ರ ಹೊತ್ತಿಗೆ ಆಕೆಯ ಚಿತ್ರಗಳು ಸಾಲಾಗಿ ಸೋತು, ಚಿತ್ರಮಂದಿರಗಳ ಮಾಲೀಕರು ಆಕೆಯನ್ನು ‘ಗಲ್ಲಾಪೆಟ್ಟಿಗೆಯ ವಿಷ’ ಎಂದು ಪತ್ರಿಕೆಯಲ್ಲಿ ಸಾರಿದರು. ಆಕೆ ಅಳುತ್ತ ಕೂಡಲಿಲ್ಲ. ನಾಟಕಕ್ಕೆ ಮರಳಿ ‘ದಿ ಫಿಲಡೆಲ್ಫಿಯಾ ಸ್ಟೋರಿ’ಯಲ್ಲಿ ಹೆಸರು ಗಳಿಸಿದಳು. ಅದರ ಚಿತ್ರದ ಹಕ್ಕು ಆಕೆಯ ಕೈಯಲ್ಲಿತ್ತು. ಕಂಪನಿಯವರು ಕೇಳಲು ಬಂದಾಗ ನಾಯಕಿ ತಾನೇ ಎಂದಳು, ದಿಗ್ದರ್ಶಕ ಕ್ಯೂಕರ್ ಎಂದಳು. 1940ರಲ್ಲಿ ಬಂದ ಆ ಚಿತ್ರ ಭರ್ಜರಿ ಯಶಸ್ಸು ಕಂಡಿತು. ಸೋತ ಕಾಲದಲ್ಲಿ ಯಾರನ್ನು ನೆನೆಯುತ್ತೇವೆಯೋ ಅವರೇ ನಿಜವಾದ ಗುರು. ಇಬ್ಬರೂ ಕೂಡಿ ಒಟ್ಟು ಹತ್ತು ಚಿತ್ರ ಮಾಡಿದರು. ಕೊನೆಯದು 1979ರಲ್ಲಿ, ದೂರದರ್ಶನಕ್ಕಾಗಿ.

ಆತನ ಕಲಿಸುವ ಬಗೆ ಎಂಥದು? ‘ದಿ ವಿಝರ್ಡ್ ಆಫ್ ಆಝ್’ ಚಿತ್ರದ ಒಂದು ಸಂಗತಿ ನಮಗೆ ಬಹಳ ಪ್ರಿಯವಾದುದು. 1938ರಲ್ಲಿ ಆ ಚಿತ್ರದ ಮೊದಲ ದಿಗ್ದರ್ಶಕನನ್ನು ತೆಗೆದುಹಾಕಿದಾಗ ಕ್ಯೂಕರ್ ಕೆಲವೇ ದಿನ ಸಲಹೆಗಾಗಿ ಬಂದಿದ್ದ. ಹದಿನಾರು ವರ್ಷದ ಜೂಡಿ ಗಾರ್ಲಂಡಳಿಗೆ ಹೊಂಬಣ್ಣದ ಕೃತಕ ಕೂದಲು ಹಾಕಿ, ಮುಖಕ್ಕೆ ದಟ್ಟವಾಗಿ ಬಣ್ಣ ಬಳಿದಿದ್ದರು. ಹುಡುಗಿ ಗೊಂಬೆಯಂತೆ ನಡೆಯುತ್ತಿದ್ದಳು. ಕ್ಯೂಕರ್ ಆ ಕೂದಲು ತೆಗೆಸಿದ, ಬಣ್ಣ ತೊಳೆಸಿದ. ನೀನು ಕ್ಯಾನ್ಸಾಸಿನ ಹಳ್ಳಿಯ ಹುಡುಗಿ, ಅಷ್ಟನ್ನು ನೆನಪಿಟ್ಟರೆ ಸಾಕು ಎಂಬರ್ಥದ ಮಾತು ಹೇಳಿದ. ಆತ ಒಂದು ದೃಶ್ಯವನ್ನೂ ಚಿತ್ರೀಕರಿಸದೆ ಹೊರಟುಹೋದ. ಆದರೂ ಇಂದು ಜಗತ್ತು ನೋಡುವ ಡೊರೊಥಿ ಆತ ಬಣ್ಣ ತೊಳೆಸಿದ ಹುಡುಗಿಯೇ.

ಇದನ್ನು ಓದಿದಾಗ ನಮಗೆ ನಮ್ಮ ತಾಲೀಮಿನ ಒಬ್ಬ ಹುಡುಗಿ ನೆನಪಾದಳು. ಒಂಬತ್ತನೆಯ ಇಯತ್ತೆಯವಳು. ಊರ ಬಾವಿಕಟ್ಟೆಯ ಮೇಲೆ ಮಾತಿನ ಮಲ್ಲಿ, ರಂಗದ ಮೇಲೆ ಮೂಕಿ. ಪರಸ್ಥಳದ ಒಂದು ಸ್ಪರ್ಧೆಯಲ್ಲಿ ಆಕೆಯ ಕನ್ನಡ ಕೇಳಿ, ‘ಇದರಲ್ಲಿ ಮರಾಠಿ ಎಷ್ಟು, ಕನ್ನಡ ಎಷ್ಟು?’ ಎಂದು ಯಾರೋ ನಕ್ಕಿದ್ದರಂತೆ. ಅಂದಿನಿಂದ ಪುಸ್ತಕದ ಮಾತನ್ನು ಬಾಯಿಪಾಠ ಮಾಡಿ, ಕಲ್ಲು ನುಂಗಿದಂತೆ ಒಪ್ಪಿಸುತ್ತಿದ್ದಳು. ‘ಅವ್ವನ ಕೂಡ ಜಗಳ ಆಡೂವಾಗ ಹೆಂಗ ಮಾತಾಡತಿ, ಹಂಗ ಆಡು’ ಎಂದೆವು. ಮೊದಲು ನಕ್ಕಳು. ಆಮೇಲೆ ಆಡಿದಳು. ಉಳಿದ ಮಕ್ಕಳು ತಮ್ಮ ಮಾತು ಮರೆತು ಅವಳನ್ನೇ ನೋಡುತ್ತ ನಿಂತರು.

ಕ್ಯೂಕರನಿಗೂ ಅಪಮಾನ ತಪ್ಪಲಿಲ್ಲ. ‘ಗಾನ್ ವಿತ್ ದಿ ವಿಂಡ್’ ಚಿತ್ರಕ್ಕಾಗಿ ಆತ ಎರಡು ವರ್ಷ ಸಿದ್ಧತೆ ಮಾಡಿದ್ದ. ಚಿತ್ರೀಕರಣ ಆರಂಭವಾಗಿ ಕೆಲವೇ ವಾರಗಳಾಗಿದ್ದಾಗ, 1939ರ ಫೆಬ್ರುವರಿಯಲ್ಲಿ, ನಿರ್ಮಾಪಕರು ಆತನನ್ನು ತೆಗೆದರು. ಕಾರಣಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಆದರೆ ನಾಯಕಿ ವಿವಿಯನ್ ಲೀ ಮತ್ತು ಒಲಿವಿಯಾ ಡಿ ಹ್ಯಾವಿಲಂಡ್ ಇಬ್ಬರೂ ಗುಟ್ಟಾಗಿ ಆತನ ಮನೆಗೆ ಹೋಗಿ ಪಾತ್ರದ ಪಾಠ ಹೇಳಿಸಿಕೊಳ್ಳುತ್ತಿದ್ದರು. ಒಬ್ಬಳು ಹೋಗುವುದು ಇನ್ನೊಬ್ಬಳಿಗೆ ಗೊತ್ತಿರಲಿಲ್ಲ! ಕೆಲಸ ಕಳಕೊಂಡವನು, ಸಂಬಳವಿಲ್ಲದೆ, ತೆರೆಯ ಮೇಲೆ ತನ್ನ ಹೆಸರು ಬಾರದ ಚಿತ್ರಕ್ಕೆ ಪಾಠ ಹೇಳಿದ. ಇದಕ್ಕಿಂತ ದೊಡ್ಡ ಶಿಕ್ಷಕ ಧರ್ಮ ನಮಗೆ ತಿಳಿಯದು.

ನಾಲ್ಕು ಸಲ ಆಸ್ಕರ್ ಕೈ ತಪ್ಪಿದ ಮೇಲೆ, ‘ಮೈ ಫೇರ್ ಲೇಡಿ’ಗಾಗಿ ಆತನಿಗೆ ಅದು ದೊರೆತಾಗ ವಯಸ್ಸು 65. ಬರ್ನಾರ್ಡ್ ಶಾ ಬರೆದ ‘ಪಿಗ್ಮೇಲಿಯನ್’ ನಾಟಕದ ಕಥೆ ಅದು. ಹೂ ಮಾರುವ ಎಲಿಝಾಳಿಗೆ ಒಬ್ಬ ಪಂಡಿತ ‘ಶುದ್ಧ’ ಭಾಷೆ ಕಲಿಸುತ್ತಾನೆ. ನಮ್ಮ ಭಾಗದ ಹಿರಿಯರಿಗೆ ಇದು ಪು. ಲ. ದೇಶಪಾಂಡೆಯವರ ಮರಾಠಿ ನಾಟಕ ‘ತೀ ಫುಲರಾಣಿ’ಯಿಂದ ಪರಿಚಿತ. ಚಿತ್ರದಲ್ಲಿ ಒಂದು ವಿನೋದವುಂಟು. ಹುಡುಗಿಯ ಧ್ವನಿಯೇ ಕಥೆಯ ಜೀವ, ಆದರೆ ನಾಯಕಿ ಆಡ್ರಿ ಹೆಪ್‌ಬರ್ನಳ ಹಾಡುಗಳನ್ನು ಬಹುಮಟ್ಟಿಗೆ ಹಾಡಿದವಳು ಮಾರ್ನಿ ನಿಕ್ಸನ್. ಹಿನ್ನೆಲೆ ಗಾಯನಕ್ಕೆ ಒಗ್ಗಿದ ನಮಗೆ ಇದರಲ್ಲಿ ತಪ್ಪು ಕಾಣದು, ಅಲ್ಲಿ ಮಾತ್ರ ದೊಡ್ಡ ಚರ್ಚೆಯಾಯಿತು. ಎಲಿಝಾ ಹೊಸ ಭಾಷೆ ಕಲಿತದ್ದು ಒಳ್ಳೆಯದೇ. ಕಲಿಸಿದವನು ಅವಳ ಹಳೆಯ ಮಾತನ್ನು ಹೀನಾಯವಾಗಿ ಕಂಡದ್ದೇ ನೋವು. ಮನೆಯಲ್ಲಿ ಒಂದು, ಸಂತೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಮಾತಾಡುವ ಗಡಿನಾಡ ಮಕ್ಕಳಿಗೆ ಈ ನೋವನ್ನು ಯಾರೂ ವಿವರಿಸಬೇಕಾಗಿಲ್ಲ.

ನಮಗೆ ಇನ್ನೂ ಮೆಚ್ಚಾದದ್ದು 1950ರ ‘ಬಾರ್ನ್ ಯೆಸ್ಟರ್‌ಡೇ’. ಜೂಡಿ ಹಾಲಿಡೇ ಈ ಪಾತ್ರವನ್ನು ನಾಟಕದಲ್ಲಿ ಆಡಿ ಹೆಸರಾಗಿದ್ದರೂ ಕಂಪನಿಯ ಒಡೆಯನಿಗೆ ಅವಳು ಬೇಡವಾಗಿದ್ದಳು. ಆಗ ಕ್ಯೂಕರ್ ಮತ್ತು ಕ್ಯಾಥರಿನ್ ಹೆಪ್‌ಬರ್ನ್ ಒಂದು ಉಪಾಯ ಮಾಡಿದರು. ‘ಆಡಮ್ಸ್ ರಿಬ್’ ಚಿತ್ರದ ಸೆರೆಮನೆಯ ದೃಶ್ಯದಲ್ಲಿ ಕ್ಯಾಮರಾ ಹಲವು ನಿಮಿಷ ಅಲುಗದೆ ಹಾಲಿಡೇಯ ಮುಖವನ್ನೇ ನೋಡುತ್ತದೆ. ತಾರೆಯಾದ ಹೆಪ್‌ಬರ್ನ್ ಬೆನ್ನು ತಿರುವಿ ಕೂತು ಹೊಸಬಳಿಗೆ ಬೆಳಕು ಬಿಟ್ಟುಕೊಟ್ಟಳು. ಪಾತ್ರ ಸಿಕ್ಕಿತು, ಆಸ್ಕರ್ ಕೂಡ ಬಂತು.

ಆ ಚಿತ್ರದ ಬಿಲ್ಲಿ ಎಂಬಾಕೆ ಒಬ್ಬ ಸಿರಿವಂತನ ಆಶ್ರಯದಲ್ಲಿರುವ ಹೆಣ್ಣು. ಆತ ಒಡ್ಡಿದ ಕಾಗದಗಳಿಗೆಲ್ಲ ಓದದೆ ಸಹಿ ಹಾಕುತ್ತಿರುತ್ತಾಳೆ. ಒಬ್ಬ ಪತ್ರಕರ್ತ ಅವಳಿಗೆ ಓದಲು ಕಲಿಸುತ್ತಾನೆ. ಕನ್ನಡಕ ಬರುತ್ತದೆ, ನಿಘಂಟು ಬರುತ್ತದೆ, ಒಂದು ದಿನ ಆಕೆ ಸಹಿ ಹಾಕುವ ಮುನ್ನ ಕಾಗದ ಓದುತ್ತಾಳೆ. ಹೊಡೆತ ಬೀಳುತ್ತದೆ, ಬಲವಂತದಿಂದಲೇ ಸಹಿ ಬೀಳುತ್ತದೆ.

ನಮ್ಮೂರುಗಳಲ್ಲಿಯೂ ಅಂಥ ಕಾಗದಗಳುಂಟು. ತವರಿನ ಹೊಲದ ಮೇಲಿನ ಹಕ್ಕು ಬಿಟ್ಟುಕೊಡುವ ‘ಹಕ್ಕಸೋಡ ಪತ್ರ’ ಮರಾಠಿಯಲ್ಲಿರುತ್ತದೆ. ‘ತಂಗೀ, ಇಲ್ಲೊಂದು ಸಹಿ ಹಾಕವಾ’ ಎಂದರೆ ತಂಗಿ ಓದದೆ ಹಾಕುತ್ತಾಳೆ. ಅವಳು ಪ್ರೀತಿಯಿಂದ ಬಿಟ್ಟುಕೊಟ್ಟರೆ ನಮ್ಮ ತಕರಾರಿಲ್ಲ. ಆದರೆ ಏನು ಬಿಟ್ಟುಕೊಡುತ್ತಿದ್ದೇನೆಂಬುದು ಅವಳಿಗೆ ತಿಳಿದಿರಬೇಕು. ಪಾಲಕರೇ, ಹತ್ತನೆಯ ಇಯತ್ತೆ ಮುಗಿಯುವ ಮುನ್ನ ಮಗಳ ಶಾಲೆ ಬಿಡಿಸಬೇಡಿರಿ ಎಂದು ನಾವು ಮನೆ ಮನೆಗೆ ಬಂದು ಕೇಳುವುದು ಇದಕ್ಕಾಗಿಯೇ.

ಕ್ಯೂಕರ್ 1983ರ ಜನವರಿ 24ರಂದು ತೀರಿಕೊಂಡ. ಆತನ ಹೆಸರು ಮರೆತರೂ ಚಿಂತೆಯಿಲ್ಲ, ಆತನಿಗೂ ಬೇಸರವಾಗಲಿಕ್ಕಿಲ್ಲ. ವಿದ್ಯಾರ್ಥಿನಿಯರೇ, ನಿಮ್ಮ ಮಾತನ್ನು ನಾಚದೆ ಆಡಿರಿ, ಪರರ ಮಾತನ್ನು ಆಸೆಯಿಂದ ಕಲಿಯಿರಿ, ಯಾವ ಭಾಷೆಯ ಕಾಗದವಾದರೂ ಓದಿಯೇ ಸಹಿ ಹಾಕಿರಿ.