ಗಾಳಿಗೂ ಒಂದು ಪಂಚಾಂಗ

ಕಳೆದ ವರ್ಷ ಫೆಬ್ರವರಿಯ ಒಂದು ಸಂಜೆ. ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಊಟದ ಮೇಜಿನ ಮುಂದೆ ಕುಳಿತು ಮಗ ಮೊಬೈಲಿನಲ್ಲಿ ವಿಮಾನದ ಟಿಕೆಟ್ ನೋಡುತ್ತಿದ್ದ. ಎಂಟನೇ ತರಗತಿಯ ಮೊಮ್ಮಗಳು ಪುಟ್ಟಿ ಅವನ ಹೆಗಲ ಮೇಲಿಂದ ಇಣುಕುತ್ತಿದ್ದಳು.

“ಅಪ್ಪಾ, ಏಪ್ರಿಲ್ ರಜೆಯಲ್ಲಿ ಶ್ರೀಲಂಕಾದ ಕಲ್ಪಿಟಿಯಕ್ಕೆ ಹೋಗಿಬರೋಣ ಅಂತ. ಪುಟ್ಟಿಗೆ ವಿಂಡ್‌ಸರ್ಫಿಂಗ್ ಕಲೀಬೇಕಂತೆ. ರೂಮು ಅರ್ಧ ದರಕ್ಕೆ ಸಿಗ್ತಾ ಇದೆ” ಎಂದ.

ಅರ್ಧ ದರ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕಲಿತ ಒಂದು ಪಾಠವಿದೆ: ಯಾರಾದರೂ ಬಡ್ಡಿ ಬಿಡುತ್ತೇನೆ ಎಂದರೆ, ಯಾಕೆ ಬಿಡುತ್ತಾರೆ ಎಂದು ಮೊದಲು ಕೇಳಬೇಕು.

“ತಾತ, ನಿಮಗೆ ವಿಂಡ್‌ಸರ್ಫಿಂಗ್ ಅಂದ್ರೆ ಗೊತ್ತಾ?” ಎಂದಳು ಪುಟ್ಟಿ. ಗೊತ್ತಿರಲಿಲ್ಲ. ಅವಳೇ ಹೇಳಿಕೊಟ್ಟಳು. ನೀರಿನ ಮೇಲೆ ತೇಲುವ ಉದ್ದನೆಯ ಹಲಗೆ, ಅದರ ಮೇಲೆ ಬೇಕಾದ ಕಡೆಗೆ ವಾಲಿಸಬಹುದಾದ ಒಂದು ಹಾಯಿ. ಹಲಗೆಯ ಮೇಲೆ ನಿಂತು, ಹಾಯಿಯನ್ನು ಕೈಯಲ್ಲಿ ಹಿಡಿದು, ಗಾಳಿಯ ಬಲದಿಂದ ಸಾಗುವುದು. 1984ರಿಂದ ಒಲಿಂಪಿಕ್ಸ್‌ನಲ್ಲೂ ಈ ಆಟವಿದೆ. ನಮ್ಮ ಮೂಲ್ಕಿಯ ಹತ್ತಿರದ ಸಸಿಹಿತ್ಲಿನಲ್ಲಿ 2016ರಲ್ಲಿ ಸ್ಪರ್ಧೆ ನಡೆದದ್ದು ಬರೀ ಸರ್ಫಿಂಗ್. ಅದಕ್ಕೆ ಅಲೆ ಬೇಕು. ಇದಕ್ಕೆ ಬೇಕಾದದ್ದು ಗಾಳಿ.

“ಏಪ್ರಿಲ್‌ನಲ್ಲಿ ಗಾಳಿ ಎಲ್ಲಿರುತ್ತಮ್ಮ?” ಎಂದೆ.

ಮಗ ನಕ್ಕ. “ಅಪ್ಪಾ, ಅದು ಸಮುದ್ರ. ಗಾಳಿ ಇದ್ದೇ ಇರುತ್ತೆ.”

“ಜೋಗದಲ್ಲೂ ನೀರು ಇದ್ದೇ ಇರುತ್ತೆ ಅಂದುಕೊಂಡಿದ್ದೆವಲ್ಲೋ” ಎಂದೆ. ಅವನ ನಗು ನಿಂತಿತು. ಒಳಗೆ ಅಡುಗೆಮನೆಯಲ್ಲಿ ಸೌಟಿನ ಸದ್ದೂ ನಿಂತಿತು.

ಆ ಕಥೆ ಪುಟ್ಟಿಗೆ ಗೊತ್ತಿರಲಿಲ್ಲ. 1991ರ ಏಪ್ರಿಲ್. ಮಾರ್ಚ್ ಅಂತ್ಯದ ಲೆಕ್ಕ ಮುಗಿದು ನನಗೆ ರಜೆ ಸಿಕ್ಕಿತ್ತು. ಮದುವೆಯಾದಾಗಿನಿಂದ ನನ್ನಾಕೆಗೆ ಇದ್ದ ಆಸೆ ಒಂದೇ, ಜೋಗ ನೋಡಬೇಕು. ಹಳೆಯ ಕ್ಯಾಲೆಂಡರಿನ ಜೋಗದ ಚಿತ್ರವನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡಿದ್ದಳು. ನಾವು ಹೋದಾಗ ಬಸ್ಸು ಖಾಲಿ, ವಸತಿ ಸಲೀಸು, ಬಾಡಿಗೆಯೂ ಕಡಿಮೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಮರುದಿನ ಬೆಳಿಗ್ಗೆ ಹೋಗಿ ನಿಂತರೆ ಎದುರಿಗೆ 253 ಮೀಟರ್ ಎತ್ತರದ ಕಪ್ಪು ಬಂಡೆ. ಅದರ ಮೇಲೆ ಒದ್ದೆ ದಾರದಂತೆ ನೀರಿನ ಒಂದು ಎಳೆ. ಮೇಲೆ ಲಿಂಗನಮಕ್ಕಿಯಲ್ಲಿ ಶರಾವತಿಯನ್ನು ತಡೆದು ನಿಲ್ಲಿಸಿದ್ದಾರೆ, ಬೇಸಿಗೆಯಲ್ಲಿ ಜೋಗಕ್ಕೆ ನೀರು ಬರುವುದು ಅಪರೂಪ ಎಂಬುದನ್ನು ಶಾಲಾ ಪುಸ್ತಕದಲ್ಲಿ ಓದಿದ್ದವನೇ ನಾನು. ಟಿಕೆಟ್ ತೆಗೆಯುವಾಗ ಮಾತ್ರ ನೆನಪಾಗಲಿಲ್ಲ.

ಒಂಬತ್ತು ವರ್ಷದ ಮಗ ಕೇಳಿದ್ದ: “ಅಪ್ಪಾ, ಜೋಗ ಎಲ್ಲಿ?”

ನನ್ನಾಕೆ ಬೇಸರ ತೋರಿಸಲಿಲ್ಲ. “ಮಳೆಗಾಲಕ್ಕೆ ಇನ್ನೊಂದು ಸಲ ಬರೋಣ ಬಿಡಿ” ಎಂದಳು. ಒಂದು ಮಳೆಗಾಲ ನಮ್ಮ ತಾಯಿಯ ಕಾಯಿಲೆ, ಮತ್ತೊಂದು ಮಳೆಗಾಲ ಮನೆಯ ಸಾಲ, ಆಮೇಲೆ ಮಗನ ಓದು, ಆಮೇಲೆ ಅವಳ ಮಂಡಿನೋವು. ಮೂವತ್ತಕ್ಕೂ ಹೆಚ್ಚು ಮಳೆಗಾಲಗಳು ಹಾಗೆಯೇ ಹೋದವು.

ಮಗ ಮೊಬೈಲ್ ಬದಿಗಿಟ್ಟ. “ಸರಿ ಅಪ್ಪಾ, ನೀವೇ ನೋಡಿ ಹೇಳಿ” ಎಂದ.

ಮಕ್ಕಳೇ, ಗಾಳಿಗೂ ಒಂದು ಪಂಚಾಂಗ ಇದೆ. ನಾವು ಹುಡುಗರಾಗಿದ್ದಾಗ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಷಾಢ ಬಂತೆಂದರೆ ಪೊರಕೆ ಕಡ್ಡಿ, ಹಳೆಯ ಪತ್ರಿಕೆ, ಅನ್ನದ ಅಗುಳು ಸೇರಿಸಿ ಗಾಳಿಪಟ ಮಾಡಿ, ಬಾಲಂಗೋಚಿ ಕಟ್ಟಿ, ಬ್ಯೂಗಲ್ ರಾಕ್ ಕಡೆ ಓಡುತ್ತಿದ್ದೆವು. ಏಪ್ರಿಲ್‌ನಲ್ಲಿ ಯಾರೂ ಗಾಳಿಪಟ ಹಾರಿಸುತ್ತಿರಲಿಲ್ಲ. ದೊಡ್ಡಬಳ್ಳಾಪುರದವರು ಇಂದಿಗೂ ಆಷಾಢದಲ್ಲೇ ಗಾಳಿಪಟದ ಹಬ್ಬ ಮಾಡುತ್ತಾರೆ.

ಕಾರಣ ಸುಲಭ. ಬೇಸಿಗೆಯಲ್ಲಿ ನೆಲ ಕಾದು ಅದರ ಮೇಲಿನ ಗಾಳಿ ಮೇಲೇರುತ್ತದೆ. ಆ ಜಾಗ ತುಂಬಲು ಸಮುದ್ರದ ಕಡೆಯಿಂದ ಗಾಳಿ ನುಗ್ಗುತ್ತದೆ. ಇದೇ ನೈರುತ್ಯ ಮಾರುತ, ನಮ್ಮ ಮುಂಗಾರು. ಚಳಿಗಾಲದಲ್ಲಿ ನೆಲ ತಣ್ಣಗಾಗಿ ಗಾಳಿ ತಿರುಗಿ ಈಶಾನ್ಯದಿಂದ ಬೀಸುತ್ತದೆ. ಹಿಂದೆ ಅರಬ್ಬರ ಹಡಗುಗಳು ಒಂದು ಗಾಳಿ ಹಿಡಿದು ಮಂಗಳೂರು, ಭಟ್ಕಳಗಳಿಗೆ ಬಂದು, ಇನ್ನೊಂದು ಗಾಳಿ ಹಿಡಿದು ವಾಪಸು ಹೋಗುತ್ತಿದ್ದವು. ‘ಮಾನ್ಸೂನ್’ ಎಂಬ ಮಾತು ಬಂದದ್ದೇ ಋತು ಎಂಬ ಅರ್ಥದ ‘ಮೌಸಿಮ್’ ಎಂಬ ಅರಬ್ಬಿ ಪದದಿಂದ. ಈ ಎರಡು ಗಾಳಿಗಳು ಪಾಳಿ ಬದಲಿಸುವ ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ ನಡುವೆ ಒಂದು ಬಿಡುವು. ಆಗ ಗಾಳಿ ಮಂಕು; ಸಂಜೆ ಗುಡುಗು, ಮಳೆ. ನಮ್ಮ ಶಾಲೆಗಳ ಬೇಸಿಗೆ ರಜೆ, ದಸರಾ ರಜೆ ಎರಡೂ ಬರುವುದು ಸರಿಯಾಗಿ ಆ ಬಿಡುವಿನಲ್ಲೇ! ಅರ್ಧ ದರದ ಗುಟ್ಟು ಬಯಲಾಯಿತು.

“ಹಾಗಾದರೆ ಆಷಾಢದಲ್ಲೇ ಹೋಗೋಣ, ಶಾಲೆಗೆ ಒಂದು ವಾರ ಚಕ್ಕರ್ ಹಾಕ್ತೀನಿ” ಎಂದಳು ಪುಟ್ಟಿ.

ಅದನ್ನೂ ವಿಚಾರಿಸಿದೆ. ಜೂನ್, ಜುಲೈಯಲ್ಲಿ ನಮ್ಮ ಕರಾವಳಿಯ ಸಮುದ್ರ ಎಷ್ಟು ಉಗ್ರವೆಂದರೆ ಮಲ್ಪೆಯಲ್ಲಿ ಕಡಲಿಗಿಳಿಯಲು ಬಿಡುವುದಿಲ್ಲ. ಅದೇ ಗಾಳಿಯಲ್ಲಿ ಕಲ್ಪಿಟಿಯಕ್ಕೆ ಮಾತ್ರ ಜನ ಹುಡುಕಿಕೊಂಡು ಹೋಗುತ್ತಾರೆ. ಯಾಕೆಂದರೆ ಅದು ಉದ್ದಕ್ಕೆ ಚಾಚಿದ ನೆಲದ ತುಂಡು. ಅದರ ಮರೆಯಲ್ಲಿ ಹಿನ್ನೀರು ಇದೆ. ಅಲೆಯನ್ನು ನೆಲ ತಡೆಯುತ್ತದೆ. ಗಾಳಿ ಮಾತ್ರ ದಾಟಿ ಬರುತ್ತದೆ. ಮುಂಗಾರಿನ ಮಳೆಯೂ ಅಲ್ಲಿ ಕಡಿಮೆ. ಆಗುಂಬೆಯಲ್ಲಿ ಮಳೆ ಸುರಿಯುವಾಗ ಚಿತ್ರದುರ್ಗದಲ್ಲಿ ಬರೀ ಗಾಳಿಯಂತ್ರ ತಿರುಗುತ್ತಿರುತ್ತದಲ್ಲ, ಹಾಗೆ.

ಆದರೆ ಒಂದು ತೊಡಕಿತ್ತು. ಪಳಗಿದವರಿಗೆ ಗಂಟೆಗೆ 35 ಕಿಲೋಮೀಟರಿನ ಗಾಳಿ ಹಬ್ಬ. ಹೊಸಬರಿಗೆ ಅದು ಹಾಯಿಯನ್ನೇ ಕಿತ್ತುಕೊಂಡು ಹೋಗುತ್ತದೆ. ಕಲಿಯುವವರಿಗೆ 15ರಿಂದ 20 ಕಿಲೋಮೀಟರ್ ಸಾಕು. ದಿಕ್ಕೂ ಮುಖ್ಯ. ನೆಲದಿಂದ ಕಡಲಿನತ್ತ ಬೀಸುವ ಗಾಳಿ ಹೊಸಬರನ್ನು ದೂರಕ್ಕೆ ಒಯ್ದುಬಿಡಬಹುದು. ಡಿಸೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಅಲ್ಲಿ ಈಶಾನ್ಯದ ಗಾಳಿಯ ಇನ್ನೊಂದು ಸರದಿ ಇದೆ, ಮುಂಗಾರಿನಷ್ಟು ರಭಸವಿಲ್ಲ. ಪುಟ್ಟಿಯ ಶಾಲೆಗೆ ಕ್ರಿಸ್‌ಮಸ್ ರಜೆ ಹತ್ತು ದಿನ. ಎರಡೂ ಕಡೆಯ ಲೆಕ್ಕ ತಾಳೆಯಾಯಿತು. ದರ ಮಾತ್ರ ದುಪ್ಪಟ್ಟು. ಹೆಚ್ಚಿನ ಹಣ ನಾನೇ ಕೊಟ್ಟೆ. ಜೋಗದಲ್ಲಿ ಉಳಿಸಿದ್ದನ್ನು ಈಗ ತೀರಿಸುತ್ತಿದ್ದೇನೆ ಎಂದುಕೊಂಡೆ.

ಹತ್ತು ತಿಂಗಳು ಕಾಯಬೇಕೆಂದಾಗ ಪುಟ್ಟಿ ಮುಖ ಊದಿಸಿಕೊಂಡಳು. ಎರಡು ದಿನ ನನ್ನೊಡನೆ ಮಾತೇ ಇಲ್ಲ. ಆಮೇಲೆ ತಾನೇ ಜಯನಗರದ ಈಜುಕೊಳಕ್ಕೆ ಸೇರಿಕೊಂಡಳು.

ಡಿಸೆಂಬರ್ ಬಂತು, ಹೋದರು. ಮೊದಲ ದಿನದ ಫೋನು: “ತಾತ, ಗಾಳಿಯೇ ಇಲ್ಲ. ಮಳೆ.” ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಋತು ಸರಿಯಿದ್ದರೂ ದಿನ ಸರಿಯಿರಬೇಕಲ್ಲ. ಎರಡನೇ ದಿನ ಬಿದ್ದದ್ದೇ ಬಿದ್ದದ್ದು. ಮೂರನೇ ದಿನ ಮಧ್ಯಾಹ್ನ ಮತ್ತೆ ಫೋನು. ಗಾಳಿಯ ಸದ್ದಿನಲ್ಲಿ ಅವಳ ಮಾತು ಅರ್ಧ ಮಾತ್ರ ಕೇಳಿಸಿತು.

“ತಾತ, ನಿಂತೆ! ಆ ಕಂಬದಿಂದ ಈ ಕಂಬದವರೆಗೂ ನಿಂತೇ ಬಂದೆ!”

ಗಾಳಿ ಬಂದಾಗ ತೂರಿಕೋ ಎಂದರು ಹಿರಿಯರು. ಅದು ಯಾವಾಗ ಬರುತ್ತದೆಂದು ತಿಳಿದು, ಮೊರ ಹಿಡಿದು ಕಾದು ಕುಳಿತಿರಬೇಕಾದದ್ದು ನಮ್ಮ ಕೆಲಸ.

ಫೋನಿಟ್ಟು ನೋಡಿದರೆ ನನ್ನಾಕೆ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಹೇಳಲು ಇಷ್ಟು ವರ್ಷ ಹಿಡಿಯಿತು.

“ಜುಲೈ ಕೊನೆಗೆ ತಾಳಗುಪ್ಪದ ರೈಲಿಗೆ ಟಿಕೆಟ್ ತೆಗೀತೀನಿ. ಅಲ್ಲಿಂದ ಜೋಗಕ್ಕೆ ಕಾರು. ಮೆಟ್ಟಿಲು ಇಳಿಯೋದು ಬೇಡ, ಮೇಲೆ ನಿಂತೇ ನೋಡೋಣ. ಮಂಜು ಮುಚ್ಚಿದ್ದರೆ ಸರಿಯೋವರೆಗೂ ಕಾಯೋಣ” ಎಂದೆ. ಆಮೇಲೆ ನೆನಪಾಗಿ, “ಆಷಾಢ ಇನ್ನೂ ಮುಗಿದಿರಲ್ಲವೇನೋ, ನಿನಗೆ ಪರವಾಗಿಲ್ಲವಾ?” ಎಂದು ಕೇಳಿದೆ.

“ಆಷಾಢ ಆದರೇನಂತೆ? ತವರಿಗೆ ಹೋಗೋಕೆ ನಾನೇನು ಹೊಸ ಮದುಮಗಳೇ? ಮೊದಲು ಟಿಕೆಟ್ ತೆಗೀರಿ” ಎಂದಳು.