ಮನೆಯ ಸಿ.ಡಿ., ಕಾರಿನ ಮೌನ

ಗತಿಸಿದ ತಂದೆಯ ಹಾಡನ್ನು ಮಗನೊಬ್ಬನು ಸಿ.ಡಿ.ಗೆ ಇಳಿಸುವನು, ಮನೆಯ ಗಣಕಯಂತ್ರದಲ್ಲಿ ಸೊಗಸಾಗಿ ಹಾಡಿದ ಆ ಮುದ್ರಿಕೆ ಹಳೆಯ ಕಾರಿನಲ್ಲಿ ಮೂಕವಾಗುವುದು. ಯಂತ್ರವನ್ನು ಹಳಿದು ಫಲವೇನು? 1982ರಲ್ಲಿ ಮಾರುಕಟ್ಟೆಗೆ ಬಂದ ಆಡಿಯೋ ಸಿ.ಡಿ.ಯ ಕ್ರಮವನ್ನಷ್ಟೇ ಅದು ಬಲ್ಲದು. ಎಂಪಿ3 ಕಡತ ಅದಕ್ಕೆ ಅರಿಯದ ಲಿಪಿ. ಆದುದರಿಂದ ಹಾಡುಗಳನ್ನು ಆಡಿಯೋ ಸಿ.ಡಿ.ಯಾಗಿಯೇ, 80 ನಿಮಿಷಗಳ ಮಿತಿಯೊಳಗೆ ಬರೆದು, ಕಡೆಯಲ್ಲಿ 'ಫೈನಲೈಸ್' ಮಾಡಿ ಮುಗಿಸಬೇಕು. ಅಳಿಸಿ ಬರೆಯುವ ಸಿ.ಡಿ.-ಆರ್‌ಡಬ್ಲ್ಯೂ ಬೆಳಕನ್ನು ಮಂದವಾಗಿ ಪ್ರತಿಫಲಿಸುವುದರಿಂದ, ಒಮ್ಮೆ ಮಾತ್ರ ಬರೆಯುವ ಸಿ.ಡಿ.-ಆರ್ ಲೇಸು. ಅಂಟಿಸಿದ ಕಾಗದದ ಚೀಟಿ ಬಿಸಿಗೆ ಬಿಟ್ಟುಕೊಂಡು ಒಳಗೇ ಸಿಕ್ಕಿಕೊಂಡೀತು. ಸಿ.ಡಿ.-ಆರ್‌ನ ಬಣ್ಣದ ಪದರವೂ ಬಿಸಿಲಿಗೆ ಮಾಸುವುದು. ಕಾರಿಗೆ ಪ್ರತಿ ಸಾಕು, ಮೂಲವು ಮನೆಯಲ್ಲಿರಲಿ. ಶಿಷ್ಯನಿಗಾಗಲಿ ಯಂತ್ರಕ್ಕಾಗಲಿ, ತಿಳಿಯುವ ಕ್ರಮದಲ್ಲಿ ಕೊಟ್ಟುದೇ ದಕ್ಕುವುದು.